ಮುಯ್ಯಿ ಮನೆಗಳ ಏಳು ಹೆಸರು

ಹೋದ ವರ್ಷ ದೀಪಾವಳಿ ಕಳೆದ ಎರಡನೇ ಸೋಮವಾರ, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ, ರಾಮನಗರದ ನಮ್ಮ ಕಚೇರಿಗೆ ರೇಷ್ಮೆ ಮೊಟ್ಟೆ ತಯಾರಕರಿಂದ ಎರಡು ಸಾಲಿನ ಸಂದೇಶ ಬಂತು. ಹಿಂದಿನ ಬುಧವಾರ ನಮ್ಮ ಕೇಂದ್ರಗಳಿಂದ ರೈತರ ಮನೆ ಸೇರಿದ ಒಂದು ತಂಡದ ಮೊಟ್ಟೆಯ ಮಾದರಿಯಲ್ಲಿ ಗಂಟುರೋಗ ಕಂಡಿದೆ. ಆ ತಂಡದ ಹುಳು ಯಾವ ಯಾವ ಮನೆಯಲ್ಲಿದೆ ಎಂಬ ಪಟ್ಟಿ ತಕ್ಷಣ ಬೇಕು.

ನಮ್ಮದು ಖಾಸಗಿ ಸಂಸ್ಥೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಒಂದೊಂದು ಚಾಕಿ ಕೇಂದ್ರ ಇದೆ. ಮೊಟ್ಟೆಯಿಂದ ಹೊರಬಂದ ಮರಿಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವುದು ಆ ಕೇಂದ್ರಗಳ ಕೆಲಸ. ಒಂದು ಚಿಟ್ಟೆ ಇಟ್ಟ ನಾನೂರು ಐನೂರರ ಇಡೀ ಗುಂಪನ್ನು ಈ ಕಸುಬಿನಲ್ಲಿ ಒಂದು ಮೊಟ್ಟೆ ಎಂದೇ ಎಣಿಸುತ್ತಾರೆ. ಹುಳು ಪೊರೆ ಬಿಡಲು ಸೊಪ್ಪು ತಿನ್ನದೆ ಕೂರುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಅದು ಕಾಯಿಲೆಯಲ್ಲ. ಗಂಟುರೋಗ ಕಾಯಿಲೆ, ಅದಕ್ಕೆ ಔಷಧಿ ಇಲ್ಲ. ಹುಳುವನ್ನು ಸುಟ್ಟು, ಹುಳು ಮನೆಯನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ರೈತರು ಹುಳುವಿನ ಕೆಳಗಿನ ಕಸ ತೆಗೆದು ಹಿಪ್ಪುನೇರಳೆ ತೋಟಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ರೋಗ ಆ ಕಸದಲ್ಲಿದ್ದರೆ ತೋಟಕ್ಕೆ ಹೋಗುತ್ತದೆ, ತೋಟದ ಸೊಪ್ಪಿನ ಜೊತೆ ಮುಂದಿನ ಬೆಳೆಗೆ ಬರುತ್ತದೆ. ಈ ತಂಡ ನಾಲ್ಕನೇ ಜ್ವರಕ್ಕೆ ಕೂರುವುದು ಗುರುವಾರದ ಸುಮಾರಿಗೆ. ಅಷ್ಟರೊಳಗೆ ಎಲ್ಲ ಮನೆಗಳನ್ನು ಮುಟ್ಟಬೇಕಿತ್ತು.

ಪಟ್ಟಿ ತೆಗೆಯುವ ವ್ಯವಸ್ಥೆಯನ್ನು ಬರೆದವನು ನಾನು. ಪ್ರತಿ ಕೇಂದ್ರದಲ್ಲಿ ಒಂದು ಟ್ಯಾಬ್ಲೆಟ್, ಒಂದು ಸಣ್ಣ ಕಂಪ್ಯೂಟರ್ ಇರುತ್ತದೆ. ಹುಳು ಕೊಡುವಾಗ ರೈತನ ಮನೆ, ತಂಡದ ಸಂಖ್ಯೆ, ಎಷ್ಟು ಮೊಟ್ಟೆಯ ಹುಳು ಎಂಬುದನ್ನು ಟ್ಯಾಬ್ಲೆಟ್‌ನಲ್ಲಿ ತುಂಬಿದರೆ ಒಂದು ದಾಖಲೆ ಸಿದ್ಧವಾಗುತ್ತದೆ. ಕಂಪ್ಯೂಟರಿನ ಒಳಗೆ ಆ ದಾಖಲೆ ಕವಲು ಕವಲಾಗಿ ಇರುತ್ತದೆ. ತಂತಿಯ ಮೇಲೆ ಹೋಗಬೇಕಾದರೆ ಅದನ್ನು ಬಿಡಿಸಿ ಒಂದೇ ಸಾಲಾಗಿ ಬರೆಯಬೇಕು, ಆಚೆ ಕಡೆ ಆ ಸಾಲನ್ನು ಓದಿ ಮತ್ತೆ ಜೋಡಿಸಬೇಕು. ಇದಕ್ಕೆ ಸೀರಿಯಲೈಸೇಶನ್ ಎನ್ನುತ್ತಾರೆ. ಸಾಲುಗಳು ಒಂದು ಸರತಿಗೆ ಬಂದು, ಅಲ್ಲಿಂದ ಮೂರು ಸರ್ವರ್‌ಗಳಿಗೆ ಹಂಚಿಹೋಗುತ್ತವೆ. ಪಟ್ಟಿ ಕೇಳಿದರೆ ಮೂರೂ ಸೇರಿ ಉತ್ತರ ಕೊಡುತ್ತವೆ.

ಒಂಬತ್ತೂವರೆಗೆ ಉತ್ತರ ಬಂತು. ಐವತ್ನಾಲ್ಕು ಮನೆ, ಐದು ಸಾವಿರದ ನೂರು ಮೊಟ್ಟೆ. ನಾವು ತರಿಸಿದ್ದು ಆರು ಸಾವಿರ. ಕಾಣದ ಒಂಬೈನೂರೂ ಮಾಗಡಿ ಕೇಂದ್ರದ್ದು.

ಇದನ್ನು ವ್ಯವಸ್ಥಾಪಕರಿಗೆ ಒಂದು ವಾಕ್ಯದಲ್ಲಿ ಬರೆದು ಕಳಿಸಿದೆ: ಮಾಗಡಿಯ ಒಂಬೈನೂರು ಮೊಟ್ಟೆಯ ವಿವರ ನಮ್ಮ ಸಂಗ್ರಹದಲ್ಲಿ ಸಿಗುತ್ತಿಲ್ಲ. ಅವರು ಎದ್ದು ನನ್ನ ಮೇಜಿನ ಹತ್ತಿರ ಬಂದರು.

"ಸಿಗುತ್ತಿಲ್ಲ ಅಂದ್ರೆ? ಹುಳ ರೆಕ್ಕೆ ಕಟ್ಕೊಂಡು ಹಾರಿಹೋಯ್ತಾ?"

"ಯಾಕೆ ಅಂತ ಇನ್ನೂ ಗೊತ್ತಿಲ್ಲ. ನೋಡ್ತಿದ್ದೀನಿ."

"ನೋಡೋದೇನಿದೆ. ಆ ಮಾಗಡಿಯಮ್ಮ ತನಗೆ ಬೇಕಾದವರಿಗೆ ಕೊಟ್ಟು ಹೆಸರು ಮುಚ್ಚಿಟ್ಟಿದ್ದಾರೆ. ಉಳಿದ ಮೂರು ಕೇಂದ್ರದ್ದು ಸರಿಯಾಗೇ ಬಂದಿದೆಯಲ್ಲ? ಕಂಪ್ಯೂಟರ್‌ಗೆ ಮಾಗಡಿ ಮೇಲೆ ಹಗೆಯೇನ್ರಿ?"

ಮಾಗಡಿ ಕೇಂದ್ರದ ಮೇಲ್ವಿಚಾರಕಿ ಅಲ್ಲಿ ಹನ್ನೊಂದು ವರ್ಷದಿಂದ ಇದ್ದವರು. ಪೂರ್ತಿ ಲೆಕ್ಕ ಸಿಗುವವರೆಗೆ ಪಟ್ಟಿ ಹೊರಗೆ ಹೋಗಬಾರದು ಎಂದು ವ್ಯವಸ್ಥಾಪಕರು ಹೇಳಿದರು. ಅರ್ಧ ಪಟ್ಟಿ ಕೊಟ್ಟರೆ ಮೊಟ್ಟೆ ತಯಾರಕರ ಮುಂದೆ ಮರ್ಯಾದೆ ಹೋಗುತ್ತದೆ ಎಂಬುದು ಅವರ ಕಾರಣ. ಐವತ್ನಾಲ್ಕು ಮನೆಗಾದರೂ ಈಗಲೇ ಜನರನ್ನು ಕಳಿಸೋಣ ಎಂದು ಒಮ್ಮೆ ಹೇಳಿದೆ. ಎರಡನೇ ಸಲ ಹೇಳಲಿಲ್ಲ.

ಮೊದಲು ಸರ್ವರ್‌ಗಳನ್ನೇ ಸಂಶಯಿಸಿದೆ. ಎರಡು ವಾರದ ಹಿಂದೆ ಮಾಗಡಿಗೆ ಮಾತ್ರ, ಪ್ರಯೋಗಕ್ಕಾಗಿ, ಒಂದು ಹೊಸ ನಮೂನೆ ಹಾಕಿದ್ದೆವು. ಹೊಸ ನಮೂನೆಯ ಸಾಲನ್ನು ಹಳೆಯ ತಂತ್ರಾಂಶ ಓದಲಾರದೆ ಎಸೆದುಬಿಡುವುದುಂಟು. ನೋಡಿದರೆ ಮೂರು ಸರ್ವರ್‌ಗಳಲ್ಲಿ ಒಂದು ನಿಜಕ್ಕೂ ಹಳೆಯದಾಗಿಯೇ ಉಳಿದಿತ್ತು. ಕಾರಣ ಸಿಕ್ಕಿತೆಂದುಕೊಂಡು ಅದನ್ನು ಹೊಸದಕ್ಕೆ ಬದಲಿಸಿ, ಸರತಿಯನ್ನು ಮೊದಲಿನಿಂದ ಮತ್ತೆ ಓದಿಸಿದೆ. ನಾಲ್ಕು ಗಂಟೆ ಹಿಡಿಯಿತು. ಪಟ್ಟಿ ಮತ್ತೆ ಐವತ್ನಾಲ್ಕು ಮನೆ, ಐದು ಸಾವಿರದ ನೂರು ಮೊಟ್ಟೆ. ಅಂದರೆ ಆ ದಾಖಲೆಗಳು ಸರತಿಗೇ ಬಂದಿರಲಿಲ್ಲ. ತಪ್ಪು ಮಾಗಡಿಯಲ್ಲೇ ಆಗಿತ್ತು. ಇದನ್ನು ಹೇಳಿದಾಗ ವ್ಯವಸ್ಥಾಪಕರು "ನಾನೇನು ಹೇಳ್ದೆ?" ಎಂದರು. ಸಂಜೆ ಐದಕ್ಕೆ ಅವರು ಮಾಗಡಿಗೆ ಫೋನ್ ಮಾಡಿ, ನಾಳೆಯಿಂದ ಬರುವುದು ಬೇಡ, ಕೇಂದ್ರದ ಬೀಗದ ಕೈ ಸಹಾಯಕನಿಗೆ ಕೊಡಿ ಎಂದು ಮೇಲ್ವಿಚಾರಕಿಗೆ ಹೇಳಿದರು. ಅದೇ ಮಾತಿನ ಪತ್ರ ಇ-ಮೇಲ್‌ನಲ್ಲಿ ಹೋಯಿತು. ಅದರೊಳಗೆ ನನ್ನ ವಾಕ್ಯವನ್ನು ಪುರಾವೆಯಾಗಿ ಸೇರಿಸಿದ್ದರು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನಾನು ಮಾಗಡಿ ಕೇಂದ್ರದಲ್ಲಿದ್ದೆ. ಬೀಗ ತೆಗೆದಿತ್ತು. ಮೇಲ್ವಿಚಾರಕಿ ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಬೀಗದ ಕೈ ಸೆರಗಿನ ತುದಿಗೆ ಕಟ್ಟಿತ್ತು.

"ಬನ್ನಿ ಸಾರ್. ಪುರಾವೆ ಬರ್ದೋರು ನೀವೇ ಅಲ್ವಾ?"

"ನಾನು ಬರೆದದ್ದು ವಿವರ ಸಿಗುತ್ತಿಲ್ಲ ಅಂತ ಮಾತ್ರ."

"ಅಷ್ಟು ಸಾಕಾಯ್ತಲ್ಲ. ಒಂದು ಫೋನ್ ಮಾಡಿ, ಏನಮ್ಮ ಹಿಂಗೈತೆ ಅಂತ ಕೇಳಾಕೆ ನಿಮಗೆ ಬಾಯಿ ಇರ್ಲಿಲ್ವಾ?"

ನಾನು ಫೋನ್ ಮಾಡಿ ಕೇಳಿರಲಿಲ್ಲ ಎಂಬುದು ನಿಜ.

"ಕೈ ಕೊಡು ಅಂತ ಅವ್ನ್ ಬಂದು ನಿಂತವ್ನೆ," ಎಂದು ಬಾಗಿಲ ಬಳಿಯ ಸಹಾಯಕನನ್ನು ತೋರಿಸಿದರು. "ನಾನೇನು ತಪ್ಪು ಮಾಡಿವ್ನಿ ಅಂತ ಸಹಿ ಹಾಕಿ ಕಾಗದದಾಗೆ ಬರ್ದು ಕೊಡ್ಲಿ, ಬಿಚ್ಚಿ ಕೊಡ್ತೀನಿ. ಮೇಲು ಗೀಲು ನಂಗೆ ಗೊತ್ತಿಲ್ಲ."

ಟ್ಯಾಬ್ಲೆಟ್ ತೆಗೆದು ನೋಡಿದೆ. ಆರು ಮನೆಗಳ ದಾಖಲೆ ಅಲ್ಲೇ ಇತ್ತು, ತಲಾ ನೂರೈವತ್ತು ಮೊಟ್ಟೆ. ಪ್ರತಿಯೊಂದರ ಮುಂದೆ ಹಸಿರು ಗುರುತು. ಹಸಿರು ಎಂದರೆ ಟ್ಯಾಬ್ಲೆಟ್‌ನಲ್ಲಿ ಉಳಿದಿದೆ ಎಂದಷ್ಟೇ ಅರ್ಥ, ರಾಮನಗರ ತಲುಪಿದೆ ಎಂದಲ್ಲ. ಈ ವ್ಯತ್ಯಾಸ ನನಗೆ ಗೊತ್ತಿತ್ತು. ಬಳಸುವವರಿಗೆ ನಾನು ಹೇಳಿರಲಿಲ್ಲ.

ಸಣ್ಣ ಕಂಪ್ಯೂಟರಿನ ದೋಷದ ಕಡತ ತೆರೆದೆ. ಬುಧವಾರದ ಜಾಗದಲ್ಲಿ ಎರಡು ಸಾಲು ಒಂದರ ಕೆಳಗೊಂದು ಸಾವಿರಾರು ಸಲ ಇದ್ದವು: ಮನೆಯನ್ನು ಬರೆ, ಮುಯ್ಯಿ ಮನೆಯನ್ನು ಬರೆ, ಮನೆಯನ್ನು ಬರೆ, ಮುಯ್ಯಿ ಮನೆಯನ್ನು ಬರೆ. ಕೊನೆಯಲ್ಲಿ, ಜಾಗ ತುಂಬಿತು, ನಿಲ್ಲಿಸಿದೆ ಎಂದಿತ್ತು. ಇಂಥ ಆರು ರಾಶಿ.

ಮುಯ್ಯಿ ಮನೆ ಎಂಬುದೇ ಹೊಸ ನಮೂನೆಯ ಹೊಸ ಅಂಕಣ. ಸೊಪ್ಪು ಸಾಲದಿದ್ದರೆ ಅಥವಾ ಜಾಗ ಸಾಲದಿದ್ದರೆ ರೈತರು ತಮ್ಮ ಹುಳುವನ್ನು ನೆಂಟರ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಮೇಯಲು ಬಿಡುತ್ತಾರೆ. ಮುಂದೊಂದು ದಿನ ಅವರ ಹುಳುವನ್ನು ಇವರು ಸಾಕಿಕೊಡುತ್ತಾರೆ. ಉಳಿದ ಮೂರು ಕೇಂದ್ರಗಳಲ್ಲಿ ಇದನ್ನು ಟ್ಯಾಬ್ಲೆಟ್‌ನಲ್ಲಿ ಷರಾ ಎಂದು ತುಂಬುತ್ತಿದ್ದರು, ಅದು ಪಟ್ಟಿಯಲ್ಲಿ ಹಾಗೇ ಅಚ್ಚಾಗುತ್ತಿತ್ತು. ಇದಕ್ಕೊಂದು ಸರಿಯಾದ ಅಂಕಣ ಬೇಕು ಎಂದು ಕೇಳಿದವರು ಇದೇ ಮೇಲ್ವಿಚಾರಕಿ. ನಾನು ಮಾಡಿಕೊಟ್ಟೆ. ಒಂದು ಮನೆಯ ದಾಖಲೆಯೊಳಗೆ ಇನ್ನೊಂದು ಮನೆಯನ್ನು ಇಡೀ ಇರಿಸುವ ಹಾಗೆ ಬರೆದೆ. ಕೊಡುವ ಮನೆ ಒಂದು, ಇಟ್ಟುಕೊಳ್ಳುವ ಮನೆ ಒಂದು ಎಂದು ಎರಡು ಹೆಸರು ಹಾಕಿ ಪರೀಕ್ಷಿಸಿದೆ. ಕೆಲಸ ಮಾಡಿತು.

"ಈ ಆರು ಮನೇಲಿ ಏನು ಬೇರೆ?" ಎಂದು ಅವರನ್ನು ಕೇಳಿದೆ.

"ಏನೂ ಬ್ಯಾರೆ ಇಲ್ಲ. ಜೋಡಿ ಮುಯ್ಯಿ. ಇವ್ನ ತೋಟದಾಗೆ ಎಳೇ ಸೊಪ್ಪು ಐತೆ, ಅವ್ನ ಹುಳಿನ್ ಮನೆ ದೊಡ್ಡದು. ಮೂರ್ನೇ ಜ್ವರದಗಂಟ ಇಬ್ರುದೂ ಇಲ್ಲಿ, ಆಮೇಲೆ ಇಬ್ರುದೂ ಅಲ್ಲಿ. ಇವ್ನಿಗೆ ಅವ್ನು ಮುಯ್ಯಿ, ಅವ್ನಿಗೆ ಇವ್ನು ಮುಯ್ಯಿ."

ಮೊದಲನೇ ಮನೆಯನ್ನು ಬರೆಯಲು ಹೋದ ಯಂತ್ರ ಅದರೊಳಗೆ ಎರಡನೆಯದನ್ನು ಕಂಡಿತ್ತು. ಎರಡನೆಯದರೊಳಗೆ ಮತ್ತೆ ಮೊದಲನೆಯದು. ಕೊನೆ ಕಾಣದೆ ತಿರುಗಿ ತಿರುಗಿ ಬಿದ್ದಿತ್ತು.

"ಅಲ್ಲ ಸಾರ್, ಮುಯ್ಯಿ ಅಂದ್ಮೇಲೆ ತಿರುಗಿ ಬರ್ಬೇಕಲ್ವಾ? ಬರ್ದೇ ಇದ್ರೆ ಅದು ಮುಯ್ಯಿ ಹೆಂಗಾದಾತು?" ಎಂದರು. ಆಮೇಲೆ, "ನೀವು ರಾಮನಗರದ ಸಾಬ್ರು. ನೂಲು ಬಿಚ್ಚೋ ಮನೆಯೋರು. ಗೂಡು ಕಂಡಿದ್ದೀರ, ಹುಳ ಎಲ್ಲಿ ಕಂಡಿದ್ದೀರ," ಎಂದರು.

ನಮ್ಮ ಮನೆಯಲ್ಲಿ ಮೂರು ತಲೆಮಾರು ರೇಷ್ಮೆ ಬಿಚ್ಚಿದವರೇ. ಗೂಡಿನ ಹಿಂದಿನ ಇಪ್ಪತ್ತೈದು ದಿನ ನಮ್ಮ ಮನೆಯ ಮಾತಿನಲ್ಲಿ ಎಂದೂ ಬಂದದ್ದಿಲ್ಲ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಹೇಳಿದ ರೀತಿಯಲ್ಲಿ ಕರುಣೆಯೂ ಇರಲಿಲ್ಲ.

ವ್ಯವಸ್ಥಾಪಕರು ಅರ್ಧ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದರು. "ಆ ಅಂಕಣ ತೆಗೆದು ಬಿಸಾಕ್ರಿ. ಹೆಸರು ಬಂದ್ರೆ ಸಾಕು," ಎಂದರು. ಮಧ್ಯಾಹ್ನ ಎರಡಕ್ಕೆ ನಾನು ಅದನ್ನೇ ಮಾಡಿದೆ. ಮುಯ್ಯಿ ಅಂಕಣವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಬರೆ ಎಂದು ಒಂದು ಸಾಲು ಸೇರಿಸಿ, ಮಾಗಡಿಯ ಎಲ್ಲ ದಾಖಲೆಗಳನ್ನು ಮತ್ತೊಮ್ಮೆ ಕಳಿಸಿದೆ. ಆರೂ ದಾಟಿದವು. ಪಟ್ಟಿಯ ಕೆಳಗೆ ಮೊತ್ತ ಸರಿಯಾಗಿ ಆರು ಸಾವಿರ ಇತ್ತು.

"ಮುಯ್ಯಿ ಮನೆ ಹೆಸ್ರೂ ಅಲ್ಲಿಗೆ ಹೋದ್ವಾ?" ಎಂದು ಮೇಲ್ವಿಚಾರಕಿ ಕೇಳಿದರು.

"ಮೊತ್ತ ಸರಿಯಾಗಿದೆ," ಎಂದೆ. ಅವರು ಕೇಳಿದ್ದು ಅದನ್ನಲ್ಲ.

ಮೂರೂವರೆಗೆ ಪಟ್ಟಿ ನನ್ನ ಹೆಸರಿನಲ್ಲಿ ಹೊರಟಿತು. ಎಲ್ಲ ಮನೆಗಳೂ ಪತ್ತೆಯಾಗಿವೆ ಎಂದು ವ್ಯವಸ್ಥಾಪಕರು ಮೊಟ್ಟೆ ತಯಾರಕರಿಗೆ ತಿಳಿಸಿದರು. ಹೆಸರು ಮುಚ್ಚಿಟ್ಟಿರಲಿಲ್ಲ, ತಂತ್ರಾಂಶದ ದೋಷ ಎಂದು ನಾನು ಅವರಿಗೆ ಫೋನಿನಲ್ಲಿ ಹೇಳಿದೆ. "ಅದನ್ನ ಆಮೇಲೆ ನೋಡೋಣ, ಮೊದಲು ಹುಳ ಸುಡ್ಲಿ," ಎಂದರು.

ಬುಧವಾರ ಬೆಳಿಗ್ಗೆ ಹುಳು ಸುಡಲು ನಮ್ಮ ಜನರ ಎಂಟು ತಂಡಗಳು ಹೊರಟವು. ಜನ ಸಾಲದೆ ನನ್ನನ್ನೂ ಮಾಗಡಿ ಕಡೆಯ ಒಬ್ಬ ಕ್ಷೇತ್ರ ಸಹಾಯಕನ ಬೈಕಿಗೆ ಹತ್ತಿಸಿದರು. ಮೊದಲ ಮೂರು ಮನೆಗಳಲ್ಲಿ ಬೈಗುಳ ತಿಂದು ಕೆಲಸ ಮುಗಿಸಿದೆವು. ನಾಲ್ಕನೆಯದು ಕುಣಿಗಲ್ ರಸ್ತೆಯ ಪಕ್ಕದ ಊರಿನಲ್ಲಿತ್ತು. ರೈತ ಹುಳು ಮನೆಯ ಬಾಗಿಲಿಗೆ ಅಡ್ಡ ನಿಂತ.

"ಲೇ, ಚಪ್ಲಿ ಬಿಡ್ಲಾ ಮೊದ್ಲು! ಊರ ಕಾಯಿಲೆನೆಲ್ಲ ಕಾಲಲ್ಲಿ ಮೆತ್ಕೊಂಡು ಬಂದು ನನ್ ಹುಳಕ್ಕೆ ರೋಗ ಅಂತೀಯಾ?"

ಸಹಾಯಕ ಚಪ್ಪಲಿ ಬಿಟ್ಟ. "ನಂದೇನಿಲ್ಲ ಕಣಣ್ಣ. ಪಟ್ಟೀಲಿ ನಿನ್ ಹೆಸ್ರೈತೆ. ಬಾಗ್ಲು ತಗಿ."

"ತಗೀತೀನಿ, ನೋಡ್ಕೊ. ಕಣ್ತುಂಬ ನೋಡ್ಕೊ."

ಒಳಗೆ ಸ್ಟ್ಯಾಂಡುಗಳು ಖಾಲಿ ಇದ್ದವು. ನೆಲ ಗುಡಿಸಿತ್ತು. ಸಹಾಯಕ ತನ್ನ ಹಾಳೆಯಲ್ಲಿ 'ಹುಳು ಇಲ್ಲ' ಎಂದು ಬರೆದು ಮುಂದಿನ ಮನೆಗೆ ಹೊರಡಲು ತಿರುಗಿದ. ನಾನು ರೈತನನ್ನು ಕೇಳಿದೆ, ಹೋದ ಬುಧವಾರ ನೂರು ಮೊಟ್ಟೆಯ ಹುಳು ತಂದಿದ್ದೀರಲ್ಲ, ಅದೆಲ್ಲಿ?

"ನಮ್ ಭಾವನ ಮನೇಲವೆ. ನಂದು ತೋಟ ಕೊಯ್ದೈತೆ, ಸೊಪ್ಪಿಲ್ಲ. ಅದ್ನ ಮಾಗಡಿ ಆವಮ್ಮನ್ ಕೈಲಿ ಬರ್ಸಿವ್ನಿ, ನನ್ ಮುಂದೇನೇ ಒತ್ತುದ್ಲು ಅದ್ಯಾವ್ದೋ ಗಾಜಿನ್ ಹಲಗೇಲಿ. ನಿಂಗೆ ಗೊತ್ತಿಲ್ವಾ? ಮತ್ಯಾಕ್ ಬಂದೆ ನೀನು, ನನ್ ಹೆಂಡ್ರು ಮಾಡಿದ್ ಕಾಪಿ ಕುಡಿಯಾಕಾ?"

ಭಾವನ ಹೆಸರು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ರೈತನ ಜಗಲಿಯ ಮೇಲೆಯೇ ಕೂತು ಎರಡು ಪಟ್ಟಿಗಳನ್ನು ಫೋನಿನಲ್ಲಿ ತೆರೆದು ಮನೆಗಳನ್ನು ಎಣಿಸಿದೆ. ಸೋಮವಾರದ್ದರಲ್ಲಿ ಐವತ್ನಾಲ್ಕು. ಆರು ಸೇರಿದ ಮೇಲೆ ಅರವತ್ತಾಗಬೇಕಿತ್ತು. ಮಂಗಳವಾರದ್ದರಲ್ಲಿ ಐವತ್ಮೂರು ಇತ್ತು. ಒಂದೇ ಕಡೆಯ ಮುಯ್ಯಿಯಲ್ಲಿ ಯಂತ್ರ ಎಂದೂ ಎಡವಿರಲಿಲ್ಲ. ಮೊಟ್ಟೆ ಕೊಳ್ಳದೆ ಬರೀ ಮುಯ್ಯಿಗೆ ಹುಳು ಇಟ್ಟುಕೊಂಡಿದ್ದ ಏಳು ಮನೆಗಳು ಸೋಮವಾರದ ಪಟ್ಟಿಯಲ್ಲಿ ಇದ್ದವು. ಅಂಕಣವನ್ನು ಬಿಟ್ಟು ಬರೆ ಎಂದು ನಾನು ಹೇಳಿದ್ದರಿಂದ ಆ ಏಳೂ ಅಳಿಸಿಹೋಗಿದ್ದವು. ಅವರ ಹೆಸರಿನಲ್ಲಿ ಮೊಟ್ಟೆ ಇಲ್ಲದ ಕಾರಣ ಮೊತ್ತ ಬದಲಾಗಿರಲಿಲ್ಲ. ನಾನು ಮೊತ್ತ ನೋಡಿದ್ದೆ. ಮನೆ ಎಣಿಸಿರಲಿಲ್ಲ.

ಹನ್ನೊಂದೂಕಾಲಿಗೆ ವ್ಯವಸ್ಥಾಪಕರಿಗೆ ಫೋನ್ ಮಾಡಿದೆ.

"ಏಳು ಮನೆ ತಾನೆ? ಸುಮ್ನೆ ಹೋಗಿ ಮುಗಿಸ್ಕೊಂಡು ಬನ್ನಿ. ಪಟ್ಟಿ ತಪ್ಪು ಅಂತ ಕಾಗದದಲ್ಲಿ ಯಾಕ್ರೀ?"

"ಎಂಟು ತಂಡದ ಕೈಯಲ್ಲೂ ಅದೇ ಪಟ್ಟಿ ಇದೆ. ಖಾಲಿ ಮನೆ ಕಂಡವರು ಹುಳು ಇಲ್ಲ ಅಂತ ಬರೆದು ಮುಂದೆ ಹೋಗ್ತಿದ್ದಾರೆ."

"ನಿನ್ನೆ ಎಲ್ಲ ಸಿಕ್ಕಿದೆ ಅಂತ ನಾನು ಬರೆದು ಕೊಟ್ಟಿದ್ದೀನಿ. ಇವತ್ತು ಇಲ್ಲ ಅಂದ್ರೆ ನನ್ನ ಮುಖ ಎಲ್ಲಿಡ್ಲಿ? ತಪ್ಪು ನಿಮ್ಮದು ಅಂತಾನೂ ಬರೀತೀರಾ?"

"ಬರೀತೀನಿ."

ಅವರು ಫೋನ್ ಇಟ್ಟರು. ನಾನು ಎಂಟು ತಂಡಗಳಿಗೂ, ಮೊಟ್ಟೆ ತಯಾರಕರಿಗೂ, ವ್ಯವಸ್ಥಾಪಕರಿಗೂ ಒಂದೇ ಸಂದೇಶ ಕಳಿಸಿದೆ. ಮಂಗಳವಾರ ಮೂರೂವರೆಯ ಪಟ್ಟಿ ತಪ್ಪು, ಅದನ್ನು ಹಿಂದಕ್ಕೆ ಪಡೆಯಲಾಗಿದೆ. ಏಳು ಮನೆಗಳನ್ನು ಅಳಿಸಿದ್ದು ನನ್ನ ತಿದ್ದುಪಡಿ. ಸೋಮವಾರ ಆರು ಮನೆಗಳು ಕಾಣದಿದ್ದುದೂ ನನ್ನ ತಂತ್ರಾಂಶದ ದೋಷ. ಮಾಗಡಿ ಮೇಲ್ವಿಚಾರಕಿ ಎಲ್ಲ ಹೆಸರುಗಳನ್ನೂ ಹೋದ ಬುಧವಾರವೇ ದಾಖಲಿಸಿದ್ದರು. ಖಾಲಿ ಮನೆ ಕಂಡರೆ ಹುಳು ಎಲ್ಲಿದೆ ಎಂದು ಕೇಳಿ. ಹೊಸ ಪಟ್ಟಿ ಇಂದೇ ಬರುತ್ತದೆ.

ಮಾಗಡಿ ಕೇಂದ್ರಕ್ಕೆ ವಾಪಸ್ಸಾದಾಗ ಮೇಲ್ವಿಚಾರಕಿಗೆ ಸಂದೇಶ ಗೊತ್ತಾಗಿತ್ತು. ತಂಡದವರಿಂದ ಬಂದದ್ದನ್ನು ಕೇಂದ್ರದ ಸಹಾಯಕ ಓದಿ ಹೇಳಿದ್ದನಂತೆ.

"ನೆನ್ನೆ ಕೇಳ್ದೆ," ಎಂದರು.

"ಹೌದು."

"ಹೂಂ. ಕೂತ್ಕೊಳಿ."

ಈ ಸಲ ಮನೆಯೊಳಗೆ ಮನೆಯನ್ನು ಇಡಲಿಲ್ಲ. ಪ್ರತಿ ಮನೆಗೂ ಒಂದು ಸಂಖ್ಯೆ ಕೊಟ್ಟು, ಮುಯ್ಯಿ ಅಂಕಣದಲ್ಲಿ ಆ ಸಂಖ್ಯೆಯನ್ನು ಮಾತ್ರ ಬರೆಯುವಂತೆ ಮಾಡಿದೆ. ಯಂತ್ರ ಸಂಖ್ಯೆ ಕಂಡ ಕಡೆ ನಿಲ್ಲುತ್ತದೆ, ಇನ್ನೊಂದು ಮನೆಯ ಒಳಗೆ ಹೋಗುವುದಿಲ್ಲ. ಎರಡು ಮನೆ ಪರಸ್ಪರ ಮುಯ್ಯಿ, ಮೂರು ಮನೆ ಸುತ್ತು ಮುಯ್ಯಿ, ಒಂದೇ ಮನೆ ಇಬ್ಬರಿಗೆ ಮುಯ್ಯಿ ಎಂದು ಅವರು ಒಂದೊಂದಾಗಿ ಹೇಳಿದರು, ನಾನು ಒಂದೊಂದನ್ನೂ ಪರೀಕ್ಷೆಗೆ ಹಾಕಿದೆ. ಸೋಮವಾರ ಹೊಸದು ಮಾಡಿದ್ದ ಮೂರನೇ ಸರ್ವರ್ ಒಮ್ಮೆ ಹಟ ಹಿಡಿದು ಹೊಸ ಸಾಲನ್ನು ಓದಲಿಲ್ಲ. ಅದನ್ನು ಸರಿಪಡಿಸಲು ಮುಕ್ಕಾಲು ಗಂಟೆ ಹೋಯಿತು.

ನಾಲ್ಕಕ್ಕೆ ಪಟ್ಟಿ ಬಂತು. ಕಳಿಸುವ ಮೊದಲು ಮಾಗಡಿಯ ಭಾಗವನ್ನು ಅವರ ಕೈಬರಹದ ಪುಸ್ತಕದೊಂದಿಗೆ ಹೋಲಿಸಿದೆವು. ಟ್ಯಾಬ್ಲೆಟ್ ಬಂದ ಮೇಲೂ ಅವರು ಪುಸ್ತಕ ಬಿಟ್ಟಿರಲಿಲ್ಲ. ಅವರು ಗಟ್ಟಿಯಾಗಿ ಓದಿದರು, ನಾನು ಪರದೆಯ ಮೇಲೆ ಬೆರಳಿಟ್ಟು ನೋಡಿದೆ. ಆಮೇಲೆ ನಾನು ಓದಿದೆ, ಅವರು ಪುಸ್ತಕದಲ್ಲಿ ನೋಡಿದರು. ನಾಲ್ಕೂ ಕೇಂದ್ರ ಸೇರಿ ಅರವತ್ತು ಮನೆ, ಆರು ಸಾವಿರ ಮೊಟ್ಟೆ.

"ಇನ್ನೊಂದ್ ಸಲ ಎಣ್ಸಿ," ಎಂದರು. "ಮೊತ್ತ ಬ್ಯಾಡ. ಮನೆ ಎಣ್ಸಿ."

ಎಣಿಸಿದೆ. ಅರವತ್ತು.

ಗುರುವಾರ ಸಂಜೆ ಆರರೊಳಗೆ ಅರವತ್ತು ಮನೆಗಳನ್ನೂ ತಂಡಗಳು ಮುಟ್ಟಿದವು. ಒಂದನ್ನು ಬಿಟ್ಟು, ಹುಳು ಇದ್ದ ಎಲ್ಲ ಮನೆಗಳಲ್ಲೂ ಕಸ ಸಮೇತ ಹುಳು ಸುಟ್ಟರು. ಕುಣಿಗಲ್ ರಸ್ತೆಯ ಆ ಭಾವನ ಮನೆಗೆ ಬುಧವಾರ ಮಧ್ಯಾಹ್ನ ಕ್ಷೇತ್ರ ಸಹಾಯಕ ಹೋದಾಗ ಬೀಗ ಹಾಕಿತ್ತು, ಮನೆಯವರು ಕೆಂಗಲ್ ದೇವಸ್ಥಾನಕ್ಕೆ ಹೋಗಿದ್ದರು. ಗುರುವಾರ ಬೆಳಿಗ್ಗೆ ಮತ್ತೆ ಹೋದಾಗ ಅವರ ಹುಳು ಉಳಿದವರಿಗಿಂತ ಒಂದು ದಿನ ಮುಂದಿತ್ತು. ನಾಲ್ಕನೇ ಜ್ವರ ಎದ್ದಿತ್ತು. ಕಸವನ್ನು ಅಂದು ಬೆಳಿಗ್ಗೆಯೇ ಎರಡು ಮಂಕರಿ ತುಂಬಿ ತೋಟದ ಸಾಲಿಗೆ ಹಾಕಿದ್ದರು. ಹುಳುವನ್ನು ಸುಟ್ಟ ಮೇಲೆ, ಮನೆಯಾಕೆ ತೋರಿಸಿದ ಕಡೆ ಸಹಾಯಕ ಮಣ್ಣು ಕೆದಕಿ ಆದಷ್ಟನ್ನು ಎತ್ತಿದ. ಮಂಗಳವಾರದ ಪಟ್ಟಿಯಲ್ಲಿ ಆ ಮನೆಯ ಹೆಸರು ಇದ್ದಿದ್ದರೆ ಬುಧವಾರ ಬೆಳಿಗ್ಗೆ ಎಂಟಕ್ಕೆ, ಅವರು ಬೀಗ ಹಾಕುವ ಮೊದಲು, ನಾವು ಅಲ್ಲಿಗೆ ಹೋಗಬಹುದಿತ್ತು.

ಆ ತೋಟದ ಸೊಪ್ಪನ್ನು ಈಗ ಎರಡು ಬೆಳೆಯಿಂದ ಯಾವ ಹುಳುವಿಗೂ ಹಾಕಿಲ್ಲ.

ಹೊಸ ನಮೂನೆ ಈಗ ನಾಲ್ಕೂ ಕೇಂದ್ರಗಳಲ್ಲಿದೆ. ಹಸಿರು ಗುರುತು ರಾಮನಗರ ತಲುಪಿದ ಮೇಲೆ ಮಾತ್ರ ಬೀಳುತ್ತದೆ. ಪಟ್ಟಿಯ ಕೆಳಗೆ ಮೊಟ್ಟೆಯ ಮೊತ್ತದ ಪಕ್ಕದಲ್ಲಿ ಮನೆಗಳ ಸಂಖ್ಯೆಯೂ ಬರುತ್ತದೆ.

ಮಾಗಡಿ ಮೇಲ್ವಿಚಾರಕಿಗೆ ಹೋದ ಪತ್ರವನ್ನು ಹಿಂದಕ್ಕೆ ಪಡೆಯಿರಿ ಎಂದು ನಾನು ಎರಡು ಸಲ ಬರೆದಿದ್ದೇನೆ. ಮೊದಲನೆಯದಕ್ಕೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು, ಎರಡನೆಯದಕ್ಕೆ ಉತ್ತರ ಬಂದಿಲ್ಲ. ಅವರು ಕೇಳಿದ ಸಹಿ ಹಾಕಿದ ಕಾಗದವೂ ಈವರೆಗೆ ಮಾಗಡಿಗೆ ಹೋಗಿಲ್ಲ. ಕಳೆದ ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ಹೋದಾಗ ಕೇಂದ್ರದ ಬೀಗ ತೆಗೆದಿತ್ತು. ಬೀಗದ ಕೈ ಅವರ ಸೆರಗಿನ ತುದಿಯಲ್ಲೇ ಇತ್ತು.